ಗೇಟಿನ ಹೊರಗೆ ನಿಂತ ಸೈಕಲ್

ಕೋಲಾರ ಚಿನ್ನದ ಗಣಿಯ ಚರಿತ್ರೆಯನ್ನು ನಾವು ಯಾವಾಗಲೂ ಮೇಲಿನಿಂದ ಕೆಳಕ್ಕೆ ಓದುತ್ತ ಬಂದಿದ್ದೇವೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು; ಒಂದು ಕಾಲಕ್ಕೆ ಅದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು; ಅಲ್ಲಿ ಬಂಡೆ ಸಿಡಿದು ಸತ್ತವರೆಷ್ಟೋ, ಧೂಳು ಕುಡಿದು ಎದೆ ಕಟ್ಟಿಕೊಂಡು ಸತ್ತವರೆಷ್ಟೋ. ನಾನು ಕೆಜಿಎಫ್ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದರೆ 2018ರ ಸಿನಿಮಾ ನೋಡಿದವರು ಮೊದಲು ಕೇಳುವುದು ಚಿನ್ನದ ಬಗ್ಗೆ, ಆಮೇಲೆ ಆಳದ ಬಗ್ಗೆ. ಕಾರ್ಮಿಕ ಚರಿತ್ರೆ ಬರೆದವರೂ ಹೆಚ್ಚಾಗಿ ಈ ಆಳದ ಸುತ್ತಲೇ ಬರೆದಿದ್ದಾರೆ. ಅದು ತಪ್ಪಲ್ಲ. ಸಾವು ಇದ್ದದ್ದು ಅಲ್ಲೇ.

ಆದರೆ ಒಬ್ಬ ಗಣಿ ಕಾರ್ಮಿಕನ ದಿನ ಶಾಫ್ಟಿನ ಬಾಯಲ್ಲಿ ಶುರುವಾಗುತ್ತಿರಲಿಲ್ಲ. ಅದಕ್ಕೂ ಮೊದಲು ಅವನು ಮನೆಯಿಂದ ಹೊರಟು ಅಲ್ಲಿಯವರೆಗೆ ಬರಬೇಕಿತ್ತು. ಈ ಅಡ್ಡ ದಾರಿಯ ಚರಿತ್ರೆಯನ್ನು ಕುರಿತು ನಾನು ಯೋಚಿಸುತ್ತ ಬಂದಿದ್ದೇನೆ. ಮನೆಯ ಹೊಸ್ತಿಲಿನಿಂದ ಕೆಲಸದ ಗೇಟಿನವರೆಗಿನ ದಾರಿ ಯಾರದು? ಅಲ್ಲಿ ಕಳೆದ ಹೊತ್ತು ಯಾರ ಲೆಕ್ಕಕ್ಕೆ? ಅಲ್ಲಿ ಬಿದ್ದರೆ ಯಾರು ಎತ್ತಬೇಕು? ಈ ಮೂರು ಪ್ರಶ್ನೆಗಳನ್ನು ಹಿಡಿದು ಹೊರಟರೆ ಕೊನೆಗೆ ಎದುರಾಗುವುದು ಒಂದು ಸಾಮಾನ್ಯ ವಸ್ತು: ಗೇಟಿನ ಹೊರಗೆ ಕಾಂಪೌಂಡಿಗೆ ಒರಗಿಸಿ ನಿಲ್ಲಿಸಿದ ಸೈಕಲ್.

ಮೊದಲಿಗೆ ಈ ಪ್ರಶ್ನೆಯೇ ಏಳದಂತೆ ಕಂಪನಿಗಳು ನೋಡಿಕೊಂಡವು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಬಂದ ಮೇಲೆ ಗಣಿಗಳು ಬೆಳೆದವು. ಕೂಲಿಗಾಗಿ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ದೊಡ್ಡ ಸಂಖ್ಯೆಯಲ್ಲಿ ಜನ ಬಂದರು. ಅವರಲ್ಲಿ ಹೆಚ್ಚಿನವರು ದಲಿತರು, ತಮಿಳು ಮಾತಾಡುವವರು. ಇವರಿಗೆ ಶಾಫ್ಟುಗಳ ಹತ್ತಿರವೇ ಸಾಲು ಸಾಲು ಗುಡಿಸಲುಗಳನ್ನು ಹಾಕಿಕೊಟ್ಟರು. ಅವೇ 'ಲೈನು'ಗಳು. ಮನೆ ಗಣಿಯ ಪಕ್ಕದಲ್ಲೇ ಇದ್ದರೆ ಕೆಲಸಕ್ಕೆ ಬರುವುದು ಒಂದು ಸಮಸ್ಯೆಯೇ ಅಲ್ಲ. ಸೈರನ್ ಕೂಗಿದರೆ ಎದ್ದು ನಡೆದು ಬಂದರಾಯಿತು. ಆದರೆ ಈ ಅನುಕೂಲಕ್ಕೆ ಇನ್ನೊಂದು ಮುಖವಿತ್ತು. ಮನೆ ಕಂಪನಿಯದ್ದು, ನೆಲ ಕಂಪನಿಯದ್ದು, ಕಾವಲು ಕಂಪನಿಯದ್ದು. ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಓದಿದವರಿಗೆ ಈ ಹಿಡಿತ ಎಷ್ಟು ಬಿಗಿಯಾಗಿತ್ತು ಎಂಬುದು ಗೊತ್ತಿರುತ್ತದೆ. ಚಿನ್ನದ ಕಳವನ್ನು ತಡೆಯಲೆಂದೇ ಇಲ್ಲಿ ವಿಶೇಷ ಕಾನೂನುಗಳಿದ್ದವು. ಮೇಲೆ ಬಂದವರನ್ನು ತಪಾಸಣೆ ಮಾಡಿಯೇ ಬಿಡುತ್ತಿದ್ದರು. ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮದ ವಿರುದ್ಧ 1930ರಲ್ಲಿ ಕಾರ್ಮಿಕರು ದೊಡ್ಡ ಮುಷ್ಕರವನ್ನೇ ಹೂಡಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಾರ್ಮಿಕನ ಬೆರಳಿನ ಗೆರೆಯವರೆಗೆ ತಿಳಿದುಕೊಳ್ಳಬಯಸಿದ ವ್ಯವಸ್ಥೆ ಅವನು ನಡೆದು ಬಂದ ದಾರಿಯ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ದಾರಿಗಳನ್ನು ಮಾಡಲಿಲ್ಲ ಎಂದಲ್ಲ. 1864ರಲ್ಲಿ ಮದರಾಸಿನಿಂದ ಬೆಂಗಳೂರಿಗೆ ರೈಲು ಬಂತು. ಆ ದಾರಿಯ ಮೇಲಿದ್ದ ನಿಲ್ದಾಣ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಆ ಪೇಟೆಯೇ ಇಂದಿನ ಬಂಗಾರಪೇಟೆ. ಅಲ್ಲಿಂದ ಗಣಿಗಳಿಗೆ ಸುಮಾರು ಹತ್ತು ಮೈಲಿಯ ಕವಲು ಹಳಿ ಬಂದದ್ದು 1894ರಲ್ಲಿ. ಮುಂದೆ 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಯಂತ್ರಕ್ಕೆ, ಇಂಧನಕ್ಕೆ, ವಿದ್ಯುತ್ತಿಗೆ ಎಷ್ಟು ದೂರದಿಂದಾದರೂ ದಾರಿ ಸಿದ್ಧವಾಯಿತು. ಆ ದಾರಿಯ ಖರ್ಚು ಗಣಿಯ ಖರ್ಚೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸುತ್ತಲ ಹಳ್ಳಿಗಳಿಂದ ಬರುತ್ತಿದ್ದ ಆಳು ಮಾತ್ರ ತನ್ನ ಕಾಲ ಮೇಲೆ ತಾನೇ ಬರಬೇಕಿತ್ತು.

ಆ ಕಾಲುಗಳಿಗೆ ಚಕ್ರ ಬಂದದ್ದು ನಿಧಾನವಾಗಿ. ಸೈಕಲ್ಲು, ಹೊಲಿಗೆ ಯಂತ್ರ, ಟೈಪ್‌ರೈಟರ್‌ಗಳಂಥ ದಿನಬಳಕೆಯ ಯಂತ್ರಗಳು ವಸಾಹತು ಕಾಲದ ಭಾರತದಲ್ಲಿ ಹೇಗೆ ಹರಡಿದವು ಎಂದು ಚರಿತ್ರಕಾರ ಡೇವಿಡ್ ಅರ್ನಾಲ್ಡ್ 'ಎವೆರಿಡೇ ಟೆಕ್ನಾಲಜಿ' ಎಂಬ ಪುಸ್ತಕದಲ್ಲಿ ಚರ್ಚಿಸಿದ್ದಾರೆ. ಮೊದಲು ಇಂಗ್ಲೆಂಡಿನಿಂದ ಬಂದ ಸೈಕಲ್ ದೊರೆಗಳ, ಅಧಿಕಾರಿಗಳ ವಾಹನ. ಬರುಬರುತ್ತ ಗುಮಾಸ್ತರ, ಮೇಷ್ಟ್ರುಗಳ ವಾಹನ. ಕಾರ್ಮಿಕನ ಕೈಗೆ ಅದು ದೊಡ್ಡ ಸಂಖ್ಯೆಯಲ್ಲಿ ಎಟುಕಿದ್ದು ಸ್ವಾತಂತ್ರ್ಯದ ನಂತರ, ದೇಶದಲ್ಲೇ ಸೈಕಲ್ ತಯಾರಿಕೆ ದೊಡ್ಡದಾಗಿ ಬೆಳೆದ ಮೇಲೆ. ಮದರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಶುರುವಾದವು. ಕೆಜಿಎಫ್ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದದ್ದೂ 1956ರಲ್ಲೇ. ಕೇಂದ್ರ ಸರ್ಕಾರ ಅವನ್ನು ವಹಿಸಿಕೊಂಡದ್ದು 1962ರಲ್ಲಿ. ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾದದ್ದು 1972ರಲ್ಲಿ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಕೂಡ ಇಲ್ಲಿ ಕಾರ್ಖಾನೆ ತೆರೆಯಿತು. ಗಣಿ ಸೊರಗುತ್ತಿದ್ದ ಕಾಲಕ್ಕೆ ಬುಲ್ಡೋಜರ್ ಕಟ್ಟುವ ಕೆಲಸ ಊರಿಗೆ ಬಂತು.

ಸೈಕಲ್ ಬಂದದ್ದರಿಂದ ಆದ ಬದಲಾವಣೆ ಸಣ್ಣದಲ್ಲ. ನಡೆದು ಬರುವವನು ಗಣಿಯಿಂದ ಮೂರ್ನಾಲ್ಕು ಮೈಲಿಯೊಳಗೆ ಬದುಕಬೇಕು. ಸೈಕಲ್ ಇದ್ದವನು ಅದರ ಎರಡರಷ್ಟು ದೂರದಲ್ಲಿ, ತನ್ನ ಹೊಲ, ತನ್ನ ಎಮ್ಮೆ, ತನ್ನ ಜನರ ಮಧ್ಯೆ ಇದ್ದುಕೊಂಡೇ ಪಾಳಿಗೆ ಬರಬಹುದು. ಮೂರನೇ ಪಾಳಿ ಮುಗಿಸಿ ಬೆಳಗ್ಗೆ ಮನೆ ಸೇರಿ ಒಂದು ನಿದ್ದೆ ತೆಗೆದು ಸಂಜೆ ತೋಟಕ್ಕೆ ನೀರು ಹಾಯಿಸಬಹುದು. ಲೈನಿನ ಕಾರ್ಮಿಕನಿಗೆ ಇಲ್ಲದಿದ್ದ ಒಂದು ಸ್ವಾತಂತ್ರ್ಯ ಅದು: ಕೆಲಸ ಕೊಟ್ಟವನೇ ಮನೆಯೊಡೆಯನಲ್ಲದ ಸ್ವಾತಂತ್ರ್ಯ. ಆದರೆ ಈ ಸ್ವಾತಂತ್ರ್ಯದ ಬೆಲೆಯನ್ನು ಅವನೇ ತೆರಬೇಕಿತ್ತು. ಸೈಕಲ್ಲಿಗೆ ದುಡ್ಡು ಅವನದು, ಟೈರು ಟ್ಯೂಬು ಅವನದು, ಪುರಸಭೆಯ ಬಿಲ್ಲೆಯ ದುಡ್ಡು ಅವನದು, ರಾತ್ರಿ ಪಾಳಿಗೆ ಹೋಗುವಾಗ ದೀಪವಿಲ್ಲ ಎಂದು ಪೊಲೀಸರು ಹಿಡಿದರೆ ದಂಡವೂ ಅವನದೇ.

ಈಗ ಕಾನೂನಿನ ಕಡೆ ತಿರುಗೋಣ. 1948ರ ಕಾರ್ಖಾನೆ ಕಾಯಿದೆಯಲ್ಲಿ ಕಾರ್ಮಿಕರ ಕ್ಷೇಮಕ್ಕೆಂದೇ ಒಂದು ಅಧ್ಯಾಯವಿತ್ತು. ಕೈಕಾಲು ತೊಳೆಯಲು ಜಾಗ ಇರಬೇಕಿತ್ತು, ಬಟ್ಟೆ ಇಟ್ಟುಕೊಳ್ಳಲು, ಒಣಗಿಸಲು ವ್ಯವಸ್ಥೆ ಇರಬೇಕಿತ್ತು, ನಿಂತೇ ಕೆಲಸ ಮಾಡುವವರಿಗೆ ಕೂರಲು ಅನುಕೂಲ ಬೇಕಿತ್ತು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೇಕಿತ್ತು. 150ಕ್ಕಿಂತ ಹೆಚ್ಚು ಜನರಿದ್ದರೆ ಊಟದ ಕೋಣೆ, 250 ದಾಟಿದರೆ ಕ್ಯಾಂಟೀನು, 500 ಆದರೆ ಕ್ಷೇಮಾಧಿಕಾರಿ ಇರಬೇಕಿತ್ತು. ಇದು ಒಳ್ಳೆಯ ಪಟ್ಟಿ. ಅದರ ಹಿಂದೆ ದಶಕಗಳ ಹೋರಾಟವಿದೆ. ಆದರೆ ಮೂಲ ಕಾಯಿದೆಯ ಈ ಪಟ್ಟಿಯಲ್ಲಿ ಸೈಕಲ್ ಸ್ಟ್ಯಾಂಡ್ ಇರಲಿಲ್ಲ. ಕಾಯಿದೆಯ ಕಣ್ಣಿಗೆ ಕಾರ್ಮಿಕ ಕಾಣಿಸಿಕೊಳ್ಳುತ್ತಿದ್ದದ್ದು ಗೇಟಿನ ಒಳಗೆ, ಕೈಕಾಲು ತೊಳೆಯುವ ಜಾಗದಲ್ಲಿ. ಅವನು ಅಲ್ಲಿಗೆ ಹೇಗೆ ಬಂದ ಎಂಬುದು ಅದಕ್ಕೆ ಬೇಡದ ವಿಷಯವಾಗಿತ್ತು. ಬೆಂಗಳೂರಿನ ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ದೊಡ್ಡ ಸಾರ್ವಜನಿಕ ಕಾರ್ಖಾನೆಗಳಲ್ಲಿ ತಗಡಿನ ಸೂರಿನ ಉದ್ದುದ್ದ ಸೈಕಲ್ ಸ್ಟ್ಯಾಂಡುಗಳಿದ್ದವು ನಿಜ. ಆದರೆ ಅಲ್ಲಿ ಸೈಕಲ್ಲಿಗೆ ನೆರಳು ಸಿಕ್ಕಿದ್ದು ಆಡಳಿತದ ಒಳ್ಳೆಯತನದಿಂದ ಇಲ್ಲವೇ ಸಂಘದ ಬಲದಿಂದ. ಇವೆರಡೂ ಇಲ್ಲದ ಕಡೆ ನೆರಳೂ ಇಲ್ಲ.

ಇದನ್ನು ಗಣಿಯ ಜೊತೆ ಹೋಲಿಸಿದರೆ ಒಂದು ವಿಚಿತ್ರ ಕಾಣುತ್ತದೆ. ನೆಲದೊಳಗಿನ ಪಯಣವನ್ನು ಕೆಲಸವೆಂದೇ ಎಣಿಸಬೇಕು ಎಂಬ ವಾದ ಬಹಳ ಹಿಂದೆಯೇ ಅಂತರರಾಷ್ಟ್ರೀಯ ಮಟ್ಟ ತಲುಪಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ 1931ರಲ್ಲಿ ಕಲ್ಲಿದ್ದಲು ಗಣಿಗಳ ಕೆಲಸದ ಅವಧಿ ಕುರಿತು ಒಂದು ಒಪ್ಪಂದವಾಯಿತು. ಕಾರ್ಮಿಕ ಕೆಳಗಿಳಿಯಲು ಕೇಜು ಹತ್ತಿದ ಗಳಿಗೆಯಿಂದ ಮೇಲೆ ಬಂದು ಕೇಜು ಇಳಿಯುವ ಗಳಿಗೆಯವರೆಗೆ ಎಲ್ಲವೂ ಗಣಿಯಲ್ಲಿ ಕಳೆದ ಹೊತ್ತೇ ಎಂಬುದು ಅದರ ತತ್ವ. ಸಾಕಷ್ಟು ದೇಶಗಳು ಒಪ್ಪದೆ ಆ ಒಪ್ಪಂದ ಜಾರಿಗೆ ಬರಲೇ ಇಲ್ಲ. ಆದರೂ ತತ್ವ ಸ್ಪಷ್ಟವಾಗಿತ್ತು: ಕೆಲಸದ ಜಾಗ ದೂರದಲ್ಲಿದ್ದರೆ ಆ ದೂರ ಕೆಲಸಗಾರನ ತಪ್ಪಲ್ಲ. ಹಾಗಿದ್ದರೆ ಕೆಳಮುಖವಾದ ಮೂರು ಕಿಲೋಮೀಟರಿಗೆ ಅನ್ವಯಿಸುವ ನ್ಯಾಯ ನೆಲದ ಮೇಲಿನ ಹತ್ತು ಕಿಲೋಮೀಟರಿಗೆ ಏಕಿಲ್ಲ?

ಈ ಪ್ರಶ್ನೆ ನಮ್ಮ ನ್ಯಾಯಾಲಯದ ಮುಂದೆ ಬಂದದ್ದು ಒಂದು ಸೈಕಲ್ ಹತ್ತಿಕೊಂಡೇ. 1971ರ ಜೂನ್ ತಿಂಗಳು, ಕೇರಳದ ಕೊರಟ್ಟಿಯ ಒಂದು ನೂಲಿನ ಕಾರ್ಖಾನೆ. ಅಲ್ಲಿನ ಕಾರ್ಮಿಕರೊಬ್ಬರು ಸಂಜೆ ನಾಲ್ಕೂವರೆಯ ಪಾಳಿಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ನಾಲ್ಕೂಕಾಲಿಗೆ, ಕಾರ್ಖಾನೆ ಇನ್ನು ಸುಮಾರು ಒಂದು ಕಿಲೋಮೀಟರ್ ಇದೆ ಎನ್ನುವಾಗ, ಲಾರಿಯೊಂದು ಗುದ್ದಿತು. ಆ ಲಾರಿ ಅವರ ಕಂಪನಿಯದ್ದೇ. ಅವರ ಕೊರಳೆಲುಬು ಮುರಿಯಿತು. ಕಾರ್ಮಿಕ ವಿಮೆಯಿಂದ ಪರಿಹಾರ ಕೊಡಬೇಕೇ ಬೇಡವೇ ಎಂಬ ವಾದ ಕೆಳಗಿನಿಂದ ಮೇಲಿನವರೆಗೆ ಹೋಗಿ, 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಇದು ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಆದ ಗಾಯವಲ್ಲ, ಕೆಲಸಕ್ಕೆ ಹೋಗುವ ದಾರಿ ಕೆಲಸವಲ್ಲ. ಹದಿನೈದು ನಿಮಿಷ, ಒಂದು ಕಿಲೋಮೀಟರ್. ಇಪ್ಪತ್ತೈದು ವರ್ಷಗಳ ವ್ಯಾಜ್ಯ ನಿಂತದ್ದು ಇಷ್ಟರ ಮೇಲೆ.

ಜರ್ಮನಿಯಲ್ಲಿ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನು ಕಡ್ಡಾಯ ವಿಮೆಯೊಳಗೆ ತಂದದ್ದು 1925ರಲ್ಲಿ. ನಮ್ಮಲ್ಲಿ ಅದು ಆದದ್ದು 2010ರಲ್ಲಿ. ಆ ವರ್ಷ ಇಎಸ್‌ಐ ಕಾಯಿದೆಗೆ 51-ಇ ಎಂಬ ಕಲಮು ಸೇರಿತು. ಮನೆಯಿಂದ ಕೆಲಸಕ್ಕೆ ಅಥವಾ ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತವನ್ನು, ಹೊತ್ತು, ಜಾಗ, ಸಂದರ್ಭಗಳು ಕೆಲಸಕ್ಕೆ ಹೊಂದಿಕೊಂಡಿದ್ದರೆ, ಕೆಲಸದಲ್ಲೇ ಆದದ್ದೆಂದು ತಿಳಿಯಬೇಕು ಎಂದು ಅದು ಹೇಳಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದೇ ಅರ್ಥವನ್ನು ನೌಕರರ ಪರಿಹಾರ ಕಾಯಿದೆಗೂ ವಿಸ್ತರಿಸಿತು. ಅಂದರೆ ಗೇಟು ಕೊನೆಗೂ ಕೊಂಚ ಸರಿಯಿತು. ಆದರೆ ಅದು ಸರಿದದ್ದು ಅಪಘಾತಕ್ಕಾಗಿ ಮಾತ್ರ. ಸೈಕಲ್ ಸವಾರ ಬಿದ್ದರೆ ಕಾನೂನಿಗೆ ಕಾಣುತ್ತಾನೆ; ಬೀಳದೆ ದಿನಾ ಬಂದು ಹೋಗುವವನು ಇನ್ನೂ ಕಾಣುವುದಿಲ್ಲ.

ಸರ್ಕಾರಕ್ಕೆ ಸೈಕಲ್ಲಿನ ಬೆಲೆಯೇ ಗೊತ್ತಿಲ್ಲ ಎನ್ನುವಂತಿಲ್ಲ. ಕೇಂದ್ರ ಸರ್ಕಾರದ ಭತ್ಯೆಗಳ ಪಟ್ಟಿಯಲ್ಲಿ ಸೈಕಲ್ ಭತ್ಯೆ ಇದೆ. ಏಳನೇ ವೇತನ ಆಯೋಗ ಅದನ್ನು ತೆಗೆದುಹಾಕಿ ಎಂದಿತ್ತು. 2017ರಲ್ಲಿ ಸರ್ಕಾರ ಅದನ್ನು ಒಪ್ಪದೆ, ಅಂಚೆಯವರು ಮತ್ತು ರೈಲ್ವೆಯ ಟ್ರ್ಯಾಕ್‌ಮನ್‌ಗಳ ಅಗತ್ಯವನ್ನು ನೋಡಿ ತಿಂಗಳಿಗೆ 90 ರೂಪಾಯಿ ಇದ್ದದ್ದನ್ನು 180ಕ್ಕೆ ಏರಿಸಿತು. ಸಣ್ಣ ಮೊತ್ತವಾದರೂ ಅದರ ಹಿಂದಿನ ತರ್ಕ ಮುಖ್ಯ. ಕಾಗದ ಹಂಚುವ ಸೈಕಲ್ ಸರ್ಕಾರದ ಕೆಲಸ ಮಾಡುತ್ತಿದೆ, ಆದ್ದರಿಂದ ಅದರ ಸವೆತ ಸರ್ಕಾರದ್ದು. ಅದೇ ಅಂಚೆಯಣ್ಣ ಬೆಳಗ್ಗೆ ಮನೆಯಿಂದ ಅಂಚೆ ಕಚೇರಿಗೆ ಅದೇ ಸೈಕಲ್ ತುಳಿದುಕೊಂಡು ಬಂದರೆ ಅದು ಅವನ ಸ್ವಂತ ವ್ಯವಹಾರ. ಸರ್ಕಾರಿ ನೌಕರರಿಗೆ ಬಡ್ಡಿಯಿಲ್ಲದೆ ಸಿಗುತ್ತಿದ್ದ ಸೈಕಲ್ ಮುಂಗಡ ಎಂಬ ಹಳೆಯ ಸವಲತ್ತೂ ಕೇಂದ್ರದಲ್ಲಿ 2016ರಲ್ಲಿ ನಿಂತುಹೋಯಿತು. ಸೈಕಲ್ ಕೊಳ್ಳಲು ಯಾರಾದರೂ ಸಾಲ ಕೇಳುತ್ತಾರೆಯೇ ಎಂದು ನಗುವವರಿಗೆ 2011ರ ಜನಗಣತಿಯನ್ನು ತೋರಿಸಬೇಕು. ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು ಆ ಗಣತಿ ಕೇಳಿತ್ತು. ಬೇಸಾಯ, ಮನೆಕೈಗಾರಿಕೆ ಬಿಟ್ಟು ಉಳಿದ ಕೆಲಸಗಾರರಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಸ್ಕೂಟರು, ಬೈಕು ಏರಿದವರಿಗಿಂತ ಅವರು ಕಡಿಮೆಯೇನಿರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದಾಚೆ ಈ ಅಡ್ಡ ದಾರಿ ಎಷ್ಟೋ ಪಟ್ಟು ಉದ್ದವಾಯಿತು. ಕೆಲಸ ಇದ್ದದ್ದು ಬೆಂಗಳೂರಿನಲ್ಲಿ. ಯಂತ್ರ, ಇಂಧನ ಹೊತ್ತು ತಂದಿದ್ದ ಮಾರಿಕುಪ್ಪಂ–ಬಂಗಾರಪೇಟೆಯ ಅದೇ ಹಳಿ ಈಗ ಆಳುಗಳನ್ನು ಹೊತ್ತು ಹೊರಗೆ ಸಾಗಿಸತೊಡಗಿತು. ಬೆಳಕು ಹರಿಯುವ ಮೊದಲೇ ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬುತ್ತಿ ಹಿಡಿದ ಜನ. ಬಂಗಾರಪೇಟೆಯಲ್ಲಿ ಸುತ್ತಲ ಹಳ್ಳಿಗಳಿಂದ ಬಂದು ಸ್ಟ್ಯಾಂಡಿನಲ್ಲಿ ಸೈಕಲ್ ನೂಕಿ ಪ್ಲಾಟ್‌ಫಾರಂಗೆ ಓಡುವ ಜನ. ರೈಲು ಎರಡು ಗಂಟೆಯ ದಾರಿ ಎಂದರೂ, ಮನೆ ಬಿಟ್ಟು ಮನೆ ಸೇರುವುದರೊಳಗೆ ದಿನಕ್ಕೆ ಐದಾರು ಗಂಟೆ ದಾರಿಯಲ್ಲೇ ಹೋಗುತ್ತದೆ.

ನಮ್ಮಪ್ಪ ಈ ಜನರಲ್ಲಿ ಒಬ್ಬರು. ಬೆಂಗಳೂರಿನ ಹೊರವಲಯದ ಒಂದು ಕಂಪನಿಯಲ್ಲಿ ಕಂಟ್ರಾಕ್ಟರ್ ಕಡೆಯಿಂದ ಗಾರ್ಡ್ ಆಗಿದ್ದರು. ಅವರ ಹತ್ತಿರ ಎರಡು ಸೈಕಲ್ಲುಗಳಿದ್ದವು. ಒಂದು ಹಳ್ಳಿಯಿಂದ ಬಂಗಾರಪೇಟೆ ಸ್ಟೇಷನ್ನಿಗೆ. ಇನ್ನೊಂದು, ಗುಜರಿಯಲ್ಲಿ ಕೊಂಡದ್ದು, ಬೆಂಗಳೂರಿನ ಕಡೆಯ ಸ್ಟೇಷನ್ನಿನಿಂದ ಕಂಪನಿಗೆ. ಎರಡು ಸ್ಟ್ಯಾಂಡಿನ ತಿಂಗಳ ಬಾಡಿಗೆ, ರೈಲಿನ ಪಾಸು. ಇವಿಷ್ಟು ಸಂಬಳ ಕೈಗೆ ಬಂದ ದಿನವೇ ತೆಗೆದಿಡುವ ದುಡ್ಡು. ಆ ಕಂಪನಿಯಲ್ಲಿ ಕಾರಿಗೂ ಬೈಕಿಗೂ ಒಳಗೆ ಜಾಗವಿತ್ತು. ಸೈಕಲ್ಲುಗಳು ಹೊರಗಿನ ಕಾಂಪೌಂಡಿಗೆ. ಒಳಗೆ ಬಿಡಬಾರದೆಂಬ ಆ ನಿಯಮವನ್ನು ಗೇಟಿನಲ್ಲಿ ನಿಂತು ಜಾರಿ ಮಾಡುವ ಕೆಲಸ ಅಪ್ಪನದೇ ಆಗಿತ್ತು; ಅವರ ಸೈಕಲ್ಲೂ ಹೊರಗಿನ ಸಾಲಿನಲ್ಲೇ ಇತ್ತು. ರೈಲು ತಡವಾದರೆ ಅರ್ಧ ದಿನದ ಸಂಬಳ ಕಡಿತ. 2007ರ ಮಳೆಗಾಲದ ಒಂದು ಬೆಳಗ್ಗೆ ಕಂಪನಿಯ ರಸ್ತೆಯಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಗೇಟಿನೊಳಗೆ ಆಗಿದ್ದರೆ ನೋಡಬಹುದಿತ್ತು ಎಂಬುದು ಕಂಟ್ರಾಕ್ಟರ್ ಕಡೆಯವರ ಮಾತಿನ ಸಾರ. ಒಂದೂವರೆ ತಿಂಗಳು ಸಂಬಳವಿಲ್ಲ. ಅಮ್ಮ ಓಲೆ ಅಡವಿಟ್ಟರು. ಕೊರಟ್ಟಿಯ ತೀರ್ಪನ್ನು ನಾನು ಓದಿದ್ದು ಅದಾಗಿ ಹದಿನೈದು ವರ್ಷಗಳ ಮೇಲೆ, ಗ್ರಂಥಾಲಯದಲ್ಲಿ. ಆಗ ನನಗೆ ಹೊಳೆದದ್ದು ಇಷ್ಟು: ಅವರು ಅಂದು ಹೇಳಿದ್ದು ದಯೆಯಿಲ್ಲದ ಮಾತಿರಬಹುದು, ಆದರೆ ಕಾನೂನಿಗೆ ವಿರುದ್ಧವಾದ ಮಾತಾಗಿರಲಿಲ್ಲ. ನನ್ನ ಸಂಶೋಧನೆ ಈ ದಾರಿ ಹಿಡಿದದ್ದು ಆಮೇಲೆ.

ಅಪ್ಪನ ಕಥೆಯಲ್ಲಿ ವಿಶೇಷವೇನೂ ಇಲ್ಲ. ಆ ರೈಲಿನ ಯಾವ ಬೋಗಿಯಲ್ಲಿ ಕೇಳಿದರೂ ಇಂಥವು ಹತ್ತು ಸಿಗುತ್ತವೆ. ವಿಶೇಷವಿರುವುದು ಅದರ ಹಿಂದಿನ ಚರಿತ್ರೆಯಲ್ಲಿ. ನೂರು ವರ್ಷದ ಹಿಂದೆ ಕಂಪನಿ ಆಳನ್ನು ಗೇಟಿನ ಪಕ್ಕದಲ್ಲೇ ಇರಿಸಿಕೊಂಡು ಅವನ ಮನೆಯನ್ನೂ ಆಳಿತು. ಈಗಿನ ಕಂಪನಿಗೆ ಅವನ ಮನೆ ಎಲ್ಲಿದೆ ಎಂಬುದೂ ಬೇಡ. ಮೊದಲನೆಯದರಲ್ಲಿ ಸ್ವಾತಂತ್ರ್ಯವಿರಲಿಲ್ಲ, ಎರಡನೆಯದರಲ್ಲಿ ಹೊಣೆಯಿಲ್ಲ. ಇವೆರಡರ ನಡುವೆ ಮೂರನೆಯ ದಾರಿಯೊಂದು ಸಾಧ್ಯವಿದೆ: ಕಾರ್ಮಿಕ ಎಲ್ಲಿ ಬೇಕಾದರೂ ಬದುಕಲಿ, ಅವನು ಬರುವ ದಾರಿಯಲ್ಲಿ ಕೆಲಸ ಕೊಟ್ಟವರಿಗೂ ಪಾಲಿರಲಿ. ಬೆಲ್ಜಿಯಂ ದೇಶದಲ್ಲಿ 2023ರ ಮೇ 1ರಿಂದ ಖಾಸಗಿ ವಲಯದಲ್ಲೂ ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವವರಿಗೆ ಕಿಲೋಮೀಟರಿಗೆ ಇಷ್ಟು ಎಂದು ಭತ್ಯೆ ಕೊಡುವ ನಿಯಮ ಬಂದಿದೆ. ಅಲ್ಲಿ ಅದನ್ನು ಪರಿಸರದ, ಆರೋಗ್ಯದ ಹೆಸರಿನಲ್ಲಿ ತಂದರು. ನಮ್ಮ ಬೆಂಗಳೂರಿನಲ್ಲೂ ಹೆಲ್ಮೆಟ್ ಹಾಕಿ, ಗೇರ್ ಸೈಕಲ್ ಏರಿ ಆಫೀಸಿಗೆ ಬರುವವರನ್ನು ಕೆಲವು ಕಂಪನಿಗಳು ಮೆಚ್ಚುತ್ತವೆ. ಒಳ್ಳೆಯದೇ. ಆದರೆ ಬೇರೆ ಗತಿಯಿಲ್ಲದೆ ಸೈಕಲ್ ತುಳಿಯುವವನ ಸೈಕಲ್ಲೂ ಅದೇ ಶೆಡ್ಡಿನಲ್ಲಿ ನಿಲ್ಲುವಂತಾಗಬೇಕು. ಮೆಚ್ಚುಗೆ ಅವನಿಗೆ ಬೇಕಿಲ್ಲ. ಒಂದು ಸೂರು, ಹತ್ತು ನಿಮಿಷದ ವಿನಾಯಿತಿ, ಬಿದ್ದರೆ ಇಎಸ್‌ಐ ಅರ್ಜಿ ಬರೆದುಕೊಡುವ ಒಬ್ಬ ಮನುಷ್ಯ, ಇಷ್ಟು ಸಾಕು.

ಗಣಿಯ ಶಾಫ್ಟುಗಳಲ್ಲಿ ಈಗ ನೀರು ತುಂಬಿದೆ. ಸೈನೈಡ್ ದಿಬ್ಬಗಳು ಹಾಗೇ ಇವೆ, ಗಾಳಿ ಬೀಸಿದರೆ ಊರಿಗೆಲ್ಲ ಬೂದಿ. ಆ ಆಳದ ಚರಿತ್ರೆ ಹೆಚ್ಚುಕಡಿಮೆ ಮುಗಿದಿದೆ, ಅದನ್ನು ಬರೆಯುವವರೂ ಇದ್ದಾರೆ. ಅಡ್ಡ ದಾರಿಯ ಚರಿತ್ರೆ ಮಾತ್ರ ಪ್ರತಿದಿನ ನಸುಕಿನಲ್ಲಿ ಹೊರಡುತ್ತಿದೆ. ಅದರ ದಾಖಲೆ ಯಾವ ಸರ್ಕಾರಿ ಕಡತದಲ್ಲೂ ಹುಡುಕಬೇಕಿಲ್ಲ. ಬಂಗಾರಪೇಟೆಯ ಸ್ಟ್ಯಾಂಡಿನಲ್ಲಿ, ಸೀಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಹಿಂದಿನ ಚಕ್ರಕ್ಕೆ ಬೀಗ ಹಾಕಿ ನಿಲ್ಲಿಸಿದ ಸೈಕಲ್ಲುಗಳನ್ನು ಎಣಿಸಿದರೆ ಸಾಕು.